ಗಣಕದ ಪದವಿಯಿಲ್ಲದ ಗಣಕ ಪಂಡಿತರು



2003ರ ಸುಮಾರಿಗೆ ನವಲಗುಂದದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡಿಟಿಪಿ ಅಂಗಡಿ ನಡೆಸುತ್ತಿದ್ದ. ಪಿಯುಸಿಗೇ ಓದು ನಿಂತಿತ್ತು. ಲಗ್ನಪತ್ರಿಕೆಗಳ ಕೆಲಸದ ನಡುವೆ ಪ್ರೋಗ್ರಾಮಿಂಗ್ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದ. "ಸರ, ಡಿಗ್ರಿ ಇಲ್ದ ಸಾಫ್ಟ್‌ವೇರ್ ಮಾಡಾಕ ಬರ್ತದೇನ್ರಿ?" ಎಂದು ಕೇಳಿದ. "ಮೊದಲ ಡಿಗ್ರಿ ಮುಗಸೋ ತಮ್ಮಾ" ಎಂದುಬಿಟ್ಟೆ.

ಅಂದು ಅವನ ಬೆರಳುಗಳು ಆಡುತ್ತಿದ್ದ ಕೀಲಿಮಣೆಯೇ ನನ್ನ ಮಾತಿಗೆ ಉತ್ತರವಾಗಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ವಿನ್ಯಾಸವನ್ನು ರೂಪಿಸಿದವರು ಮಂಗಳೂರು ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ.ಪಿ. ರಾವ್. ಗಣಕ ವಿಜ್ಞಾನದಲ್ಲಿ ಅವರಿಗೆ ಪದವಿಯಿರಲಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು ಅಲ್ಲಿಂದ ಮುದ್ರಣದ ಅಕ್ಷರಜೋಡಣೆಗೂ, ಅಲ್ಲಿಂದ ತಂತ್ರಾಂಶಕ್ಕೂ ಹೊರಳಿದರು. ಟೈಪ್‌ರೈಟರಿನಲ್ಲಿ ನಾವು ಅಕ್ಷರದ ಆಕಾರವನ್ನು ತುಂಡುತುಂಡಾಗಿ ಹೊಡೆಯುತ್ತಿದ್ದೆವು. ರಾವ್ ಉಚ್ಚಾರವನ್ನು ಹಿಡಿದರು. ಕೆ, ಎಫ್, ಆರ್ ಕೀಲಿಗಳನ್ನು ಒತ್ತಿದರೆ 'ಕ್ರ'; ಎಫ್ ಎಂಬುದು ವ್ಯಂಜನಗಳನ್ನು ಬೆಸೆಯುವ ಕೊಂಡಿ. ಒತ್ತನ್ನು ಎಲ್ಲಿ ಕೂರಿಸಬೇಕೆಂಬ ಚಿಂತೆ ಯಂತ್ರದ್ದು. ಇದರ ಹಿಂದಿರುವುದು ನಮ್ಮ ವರ್ಣಮಾಲೆಯ ತಿಳಿವಳಿಕೆ. ನಾವು ತರಗತಿಯಲ್ಲಿ ಕಲಿಸುವ ಸಂಯುಕ್ತಾಕ್ಷರದ ಪಾಠವೇ! ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಇದೇ ವಿನ್ಯಾಸವನ್ನು ಆಧರಿಸಿತು, ಸರ್ಕಾರವೂ ಒಪ್ಪಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನಿತ್ತಿತು.

ರಾವ್ ಅವರನ್ನೂ ನನ್ನ ಶಿಷ್ಯನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಅವರಿಗೆ ವಿಜ್ಞಾನದ ಓದಿತ್ತು, ದೊಡ್ಡ ಸಂಸ್ಥೆಯ ಒಡನಾಟವಿತ್ತು. ಇವನಿಗಿದ್ದದ್ದು ಕರೆಂಟು ಕೈಕೊಡುತ್ತಿದ್ದ ಅಂಗಡಿ, ಒಂದು ಪುಸ್ತಕ. ಆದರೂ ಅವನು ಕೇಳಿದ್ದು ಪದವಿಯ ಮಾತನ್ನು, ನಾನು ನೋಡಬೇಕಾಗಿದ್ದದ್ದು ಅವನ ಆಸಕ್ತಿಯನ್ನು. ಬಿ.ಎಡ್. ಮಾಡಿದ ನನಗೆ ಅಷ್ಟು ಹೊಳೆಯಲಿಲ್ಲ.

ಅವನು ನನ್ನ ಮಾತನ್ನು ನಂಬಿ ಪುಸ್ತಕ ಮುಚ್ಚಿಟ್ಟ. ಕೆಲ ವರ್ಷಗಳಲ್ಲಿ ಅಂಗಡಿಯೂ ಮುಚ್ಚಿತು. ಈಗ ಹೊಲ ನೋಡಿಕೊಂಡಿದ್ದಾನೆ. ಕಳೆದ ದೀಪಾವಳಿಗೆ ಮನೆಗೆ ಬಂದಾಗ ರಾವ್ ಅವರ ಕಥೆ ಹೇಳಿದೆ. ಸುಮ್ಮನೆ ಕೇಳಿ, "ಆ ಪುಸ್ತಕ ಇನ್ನೂ ಅಟ್ಟದ ಮ್ಯಾಲ ಐತ್ರಿ ಸರ" ಎಂದ.