ಹೊಲೆಮಾದಿಗರ ಹಾಡು ಭೀಮಾ ದಂಡಿಗೆ ಬಂದದ್ದು



ಮೊದಲು ಪರದೇಶದ ಒಂದು ಕ್ಯಾಸೆಟ್ಟಿನ ಮಾತು. 1991ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ನಾಲ್ಕು ಜನ ಹುಡುಗರ ರಾಕ್ ತಂಡವೊಂದು ಹನ್ನೆರಡು ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿ ತಾನೇ ಮಾರಿತು. ತಂಡದ ಹೆಸರು ರೇಜ್ ಅಗೇನ್ಸ್ಟ್ ದ ಮಷೀನ್. ಯಂತ್ರದ ಮೇಲಿನ ಸಿಟ್ಟು ಅಂದುಕೊಳ್ಳಿ. ಮರುವರ್ಷ ನವೆಂಬರ್ 3ಕ್ಕೆ ಅವರ ಮೊದಲ ಆಲ್ಬಂ ಬಂತು. ಅದರ ಮುಖಪುಟದ ಮೇಲೆ ಒಂದು ಫೋಟೊ: 1963ರ ಜೂನ್ 11ರಂದು ಸೈಗಾನಿನ ನಡುಬೀದಿಯಲ್ಲಿ ಬೌದ್ಧ ಭಿಕ್ಷು ಥಿಕ್ ಕ್ವಾಂಗ್ ಡುಕ್ ಮೈಗೆ ಬೆಂಕಿ ಹಚ್ಚಿಕೊಂಡು ಪದ್ಮಾಸನ ಹಾಕಿ ಕೂತದ್ದು. ಅಲುಗಾಡಿಲ್ಲ ಆತ.

ಹಾಸ್ಟೆಲಿನಲ್ಲಿ ನನ್ನ ಗೆಳೆಯನೊಬ್ಬ ಮೊಬೈಲಿನಲ್ಲಿ ಈ ಚಿತ್ರ ತೋರಿಸಿ, ಹಾಡು ಕೇಳಿಸಿ, 'ಹಾಡು ಅಂದ್ರ ಹಿಂಗಿರಬೇಕು ನೋಡು, ನಮ್ಮಲ್ಲಿ ಎಲ್ಲಿ ಅದ ಇಂಥಾದ್ದು?' ಅಂದ. ಹಾಡು ಚಲೋ ಇತ್ತು, ಸುಳ್ಳು ಹೇಳೂದಿಲ್ಲ. ಆದರೆ ಯಂತ್ರವನ್ನು ಬೈಯುವ ಆ ಆಲ್ಬಮ್ಮನ್ನು ಜಗತ್ತಿಗೆಲ್ಲ ಮಾರಿದ್ದು ಸೋನಿ ಒಡೆತನದ ಎಪಿಕ್ ಕಂಪನಿ. ಇರಲಿ. ಅವನ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು. ನಮ್ಮದು ಅದಕ್ಕಿಂತ ಹದಿನೇಳು ವರ್ಷ ಮೊದಲೇ ಬಂದಿತ್ತು.

1975. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು'. ಅದು ಪುಸ್ತಕವಲ್ಲವೇ, ಆಲ್ಬಂ ಹೇಗಾದೀತು ಎನ್ನಬಹುದು. ಪುಸ್ತಕ ಎನ್ನುವುದು ಅದು ತೊಟ್ಟ ಅಂಗಿ ಅಷ್ಟೆ. ನಮ್ಮ ಓಣಿಯಲ್ಲಿ ಆ ಪುಸ್ತಕವನ್ನು ಕಣ್ಣಿಂದ ನೋಡಿದವರು ಇಬ್ಬರೋ ಮೂವರೋ. ಹಾಡಿದವರನ್ನು ಎಣಿಸಲು ಹೋದರೆ ಇಡೀ ಓಣಿಯನ್ನೇ ಎಣಿಸಬೇಕಾಗುತ್ತದೆ.

ಆಗ ಕವಿಗೆ ಇಪ್ಪತ್ತೊಂದು ವರ್ಷ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದವರು. ಅವರ 'ಊರು ಕೇರಿ' ಓದಿದ ಯಾರೂ ಅದರ ಮೊದಲ ಪುಟಗಳನ್ನು ಮರೆಯಲಾರರು: ಐನೋರ ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದಾರೆ, ಆ ಇಬ್ಬರಲ್ಲಿ ಒಬ್ಬರು ನೋಡುತ್ತ ನಿಂತ ಹುಡುಗನ ಅಪ್ಪ. ಆಮೇಲೆ ಬೆಂಗಳೂರು, ಶ್ರೀರಾಮಪುರದ ಕೊಳೆಗೇರಿ, ಗೋಪಾಲಪುರದ ಹಾಸ್ಟೆಲು. ಮನೆಯಲ್ಲಿ ಜಾಗವಿಲ್ಲದ ಹುಡುಗ ಶ್ರೀರಾಮಪುರದ ಸ್ಮಶಾನದಲ್ಲಿ ಕೂತು ಓದಿಕೊಂಡ. ನಮ್ಮ ಕವಿಯ ಸ್ಟುಡಿಯೋ ಅದು. ಗಾಜಿನ ಕೋಣೆಯಿಲ್ಲ, ಬಾಡಿಗೆಯಿಲ್ಲ.

ಆದರೆ ಆ ಪುಸ್ತಕವನ್ನು ಒಬ್ಬರೇ ಕೂತು ಬರೆದರು ಎಂದರೆ ಅರ್ಧ ಸತ್ಯ. ಅದನ್ನು ಬರೆಸಿದ್ದು ಆ ಎರಡು ಮೂರು ವರ್ಷಗಳು. 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ, ಜ. ವಿ. ಪವಾರ್ ಮೊದಲಾದವರು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರಿನಿಂದ ಕಿಡಿ ತಗೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದುಬಿಟ್ಟರು. ಬೂಸಾ ಅಂದರೆ ದನಕ್ಕೆ ಹಾಕೋ ಹೊಟ್ಟು. ಅಷ್ಟಕ್ಕೇ ಹೊತ್ತಿಕೊಂಡಿತು! ಸಾಹಿತ್ಯಾಭಿಮಾನಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಕನ್ನಡ ತಮ್ಮದೂ ಹೌದು ಅಂದುಕೊಂಡಿದ್ದ ಕೇರಿಯ ಹುಡುಗರಿಗೆ ಆ ಚಳಿಗಾಲದಲ್ಲಿ ಗೊತ್ತಾಯಿತು, ಈ ಮನೆಗೆ ನಮ್ಮನ್ನು ಹಿತ್ತಲ ಬಾಗಿಲಿನಿಂದಲೂ ಬಿಟ್ಟಿಲ್ಲ ಅಂತ. ಬೂಸಾ ಗಲಾಟೆಯ ಬೀದಿಯಲ್ಲಿ ಸಿದ್ಧಲಿಂಗಯ್ಯನವರೂ ಇದ್ದರು. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಭದ್ರಾವತಿ ಕಡೆಯಿಂದ ಎದ್ದು ಬಂದದ್ದೂ ಇದರ ಬೆನ್ನಿಗೇ. ಪುಸ್ತಕ ಬಂದ ವರ್ಷದ ಜೂನ್ 25ಕ್ಕೆ ತುರ್ತು ಪರಿಸ್ಥಿತಿ.

ಈಗ ಹಾಡಿನ ಕಟ್ಟಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ವಿಮರ್ಶಕರು ಆಕ್ರೋಶ ಆಕ್ರೋಶ ಎಂದು ಇದನ್ನು ದಾಟಿಹೋಗುತ್ತಾರೆ.

ಆ ಹೊತ್ತಿಗೆ ಕನ್ನಡದಲ್ಲಿ ಹಾಡುವುದು ಹಳೆಯ ಚಾಳಿಯಾಗಿತ್ತು. ನವ್ಯದವರು ಗೇಯತೆಯನ್ನು ಹೊರಗಟ್ಟಿದ್ದರು. ಕವಿತೆ ಒಬ್ಬನೇ ಕೂತು, ಕದ ಮುಚ್ಚಿ, ಓದುವ ಸಾಮಾನು. ಇನ್ನೊಂದು ಕಡೆ ಹಾರ್ಮೋನಿಯಂ ಇಟ್ಟುಕೊಂಡ ಭಾವಗೀತೆ. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಮಧ್ಯಮವರ್ಗದ ಮನೆ ಮನೆ ಸೇರಿತು. ನಿಸಾರರ ಮೇಲೆ ನನಗೆ ಪ್ರೀತಿ ಇದೆ, ಜಗಳವಿಲ್ಲ. ಆದರೆ ಆ ಕ್ಯಾಸೆಟ್ಟಿಗೆ ಟೇಪ್‌ರೆಕಾರ್ಡರ್ ಬೇಕು, ಕರೆಂಟು ಬೇಕು. 'ಹೊಲೆಮಾದಿಗರ ಹಾಡಿ'ಗೆ ಬೇಕಾದದ್ದು ಗಂಟಲು ಮತ್ತು ಹಲಗಿ. ಸಾಲು ಗಿಡ್ಡ. ಉಸಿರು ಕಟ್ಟುವ ಮೊದಲೇ ಮುಗಿಯುತ್ತದೆ. ಪದಗಳು ನೀರು, ಅನ್ನ, ಕಲ್ಲು, ಬೆನ್ನು ಇಂಥವು, ಯಾರೂ ಅರ್ಥ ಕೇಳಬೇಕಾಗಿಲ್ಲ. 'ನನ್ನ ಜನಗಳು' ಓದಿ ನೋಡಿ, ಒಂದು ಸಾಲು ಕೇಳಿದವನು ಮುಂದಿನ ಸಾಲಿನ ಬಡಿತವನ್ನು ತಾನೇ ಹಿಡಿಯುತ್ತಾನೆ. ಅಕ್ಷರ ಬಾರದವನಿಗೆ ಅದು ಸಾಕು, ಎರಡನೇ ಸಲ ಅವನೇ ಹಾಡುತ್ತಾನೆ. ಅಕ್ಷರ ಕಸಿದುಕೊಂಡ ಜನಕ್ಕೆ ಪುಸ್ತಕ ಮುಟ್ಟಿಸುವ ಉಪಾಯ ಇದೊಂದೇ ಆಗಿತ್ತು. ಅಕ್ಷರಸ್ಥ ಮನೆಯ ಕವಿಗೆ ಅದು ಹೊಳೆಯುತ್ತಿತ್ತೋ ಇಲ್ಲವೋ.

'ಇಕ್ರಲಾ ವದೀರ್ಲಾ' ಬಗ್ಗೆ ಎಷ್ಟು ಗಲಾಟೆ! ಹಿಂಸೆಗೆ ಕರೆ ಎಂದರು, ಇದು ಕಾವ್ಯವೇ ಅಲ್ಲ ಎಂದರು. ಸಾವಿರಾರು ವರ್ಷ ಹೊಡೆಸಿಕೊಂಡವನು ಒಂದು ಪದ್ಯದಲ್ಲಿ ಕೈ ಎತ್ತಿದರೆ ಕಾವ್ಯಮೀಮಾಂಸೆ ಕುಸಿಯುತ್ತದಂತೆ. ನನಗೆ ಅನ್ನಿಸುವುದು ಬೇರೆ. ಅದರ ನಿಜವಾದ ಅಪರಾಧ ಒದೆಯಲ್ಲ, 'ಲಾ'. ಕೇರಿಯ ಬಾಯಿಮಾತು ಸ್ನಾನ ಮಾಡದೆ, ತಲೆ ಬಾಚದೆ ಅಚ್ಚಿನ ಪುಟಕ್ಕೆ ಬಂದು ಕೂತಿತ್ತು.

ಈ 'ಲಾ' ನಮ್ಮ ಘತ್ತರಗಿಗೆ ಬರುವಾಗ ಏನಾಯಿತು ಹೇಳ್ತೀನಿ. ಭೀಮಾ ನದಿ ದಂಡಿಯ ಊರು ನಮ್ಮದು, ಅಫಜಲಪುರ ತಾಲ್ಲೂಕು. ಹೊರಗಿನವರಿಗೆ ಭಾಗ್ಯವಂತಿ ದೇವಿ ಗುಡಿಯಿಂದ ಗೊತ್ತು. ಮಾಗಡಿ ಕಡೆಯ ಮಾತು ಇಲ್ಲಿಯವರಿಗೆ ಸಿನಿಮಾದ ಮಾತಿನಂತೆ ಕೇಳುತ್ತದೆ. ನನ್ನ ಕಾಕಾ ಎಂಬತ್ತರ ದಶಕದಲ್ಲಿ ಗುಲಬರ್ಗಾದ ಹಾಸ್ಟೆಲಿನಲ್ಲಿದ್ದಾಗ ಸಂಘದ ಹುಡುಗರಿಂದ ಹಾಡು ಕಲಿತು ಬಂದರು. ಊರಿಗೆ ಬಂದು ಹಾಡಿದಾಗ ಮೊದಲು ಹೆಂಗಸರು ನಕ್ಕರಂತೆ, 'ಅದೇನ್ ಲಾ ಲಾ ಹಚ್ಚಿ?' ಅಂತ. ಮುಂದಿನ ವರ್ಷದ ಏಪ್ರಿಲ್ 14ರ ಮೆರವಣಿಗೆಯಲ್ಲಿ 'ಲಾ' ಹೋಗಿ 'ಲೇ' ಆಗಿತ್ತು. ಧಾಟಿಯೂ ಬದಲಾಗಿತ್ತು. ಮೊಹರಮ್ಮಿನ ಅಲಾಯಿ ಕುಣಿತದಾಗ ಹಾಡೋ ರಿವಾಯತ್ ಪದದ ಧಾಟಿ ಅದಕ್ಕೆ ತಾನಾಗಿ ಬಂದು ಕೂತಿತ್ತು. ಸೊಲ್ಲಾಪುರದ ಕಡೆಯಿಂದ ಬಂದ ಮರಾಠಿ ಭೀಮಗೀತೆಯ ಗಾಳಿಯೂ ಅದರಾಗ ಸೇರ್ಯಾದ ಅಂತಾರ ಕಾಕಾ.

ಬಡಿದ ಹಲಗಿ ಯಾವುದು? ನಮ್ಮ ಮುತ್ಯಾ ಊರ ಹೆಣಗಳ ಮುಂದೆ ಬಿಟ್ಟಿ ಬಡಿಯುತ್ತಿದ್ದದ್ದೇ. ಕೂಲಿಯಿಲ್ಲ, ಜ್ವಾಳದ ರೊಟ್ಟಿ ಮೇಲಿಂದ ಬೀಳುತ್ತಿತ್ತು. ಅದನ್ನೇ ಬೆಂಕಿಗೆ ಹಿಡಿದು ಕಾಸಿ ಈ ಹಾಡಿಗೆ ಬಡಿದರು. ಮುತ್ಯಾ ಅವತ್ತು ಗುಡಿಸಲಿನಿಂದ ಹೊರಗೆ ಬರಲಿಲ್ಲ. ಹೆದರಿದರೋ, ನಾಚಿದರೋ, ಕಾಕಾಗೂ ಹೇಳಲಿಲ್ಲ.

ಇನ್ನು ಹೆಸರಿನ ಮಾತು. ಊರು ಬೈಗುಳವಾಗಿ ಬಳಸಿದ ಎರಡು ಶಬ್ದಗಳನ್ನು ಕವಿ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹಾಕಿದರು, ನಡುವೆ ಜಾಗ ಬಿಡಲಿಲ್ಲ. ನಮ್ಮೂರಲ್ಲಿ ಆ ಜಾಗ ಅದ. ಹೊಲೇರ ಓಣಿ ಬೇರೆ, ಮಾದರ ಓಣಿ ಬೇರೆ, ಕೊಡಕೊಳ್ಳೂದು ಇಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು. ಮರುವರ್ಷದ ಆಗಸ್ಟಿನಲ್ಲಿ ರಾಜ್ಯ ಸಂಪುಟ ಶೇ. 17ನ್ನು ಆರು, ಆರು, ಐದು ಎಂದು ಹಂಚಿತು. ಹಂಚಿಕೆ ನ್ಯಾಯವೇ. ಹಿಂದೆ ಉಳಿದವನ ಪಾಲು ಅವನಿಗೆ ಸಿಗಲೇಬೇಕು, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ವರ್ಷ ಎರಡೂ ಓಣಿಯ ಹುಡುಗರು ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡದ್ದನ್ನು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅದೇ ಹುಡುಗರು ಮೆರವಣಿಗೆಯಲ್ಲಿ ಈ ಹಾಡು ಹೇಳುವವರು. ಐವತ್ತು ವರ್ಷದ ಹಿಂದೆ ಇಪ್ಪತ್ತೊಂದರ ಹುಡುಗನೊಬ್ಬ ಎರಡು ಶಬ್ದ ಕೂಡಿಸಿ ಬರೆದದ್ದು ಎಷ್ಟು ಕಷ್ಟದ ಕೆಲಸವಾಗಿತ್ತು ಅಂತ ನನಗೆ ತಿಳಿದದ್ದು ಆವಾಗ.

ಕವಿ ಮುಂದೆ 1988ರಲ್ಲಿ ವಿಧಾನ ಪರಿಷತ್ತಿಗೆ ಹೋದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೆಂಕಿ ಆರಿತು ಎಂದು ಕೊಂಕು ನುಡಿದವರಿದ್ದಾರೆ, ನಮ್ಮವರಲ್ಲೇ. 2021ರ ಜೂನ್ 11ರಂದು ಕೊರೋನಾ ಅವರನ್ನು ಒಯ್ದಿತು. ಮರುವರ್ಷ ಪದ್ಮಶ್ರೀ ಬಂತು, ತಗೊಳ್ಳಲು ಅವರಿರಲಿಲ್ಲ. ಅವರು ಏರಿದ ಮೆಟ್ಟಿಲುಗಳ ಬಗ್ಗೆ ಜಗಳ ಆಡೋಣ, ತಪ್ಪಿಲ್ಲ. ಆ ಹೊತ್ತಿಗೆ ಹಾಡು ಅವರ ಕೈಯಲ್ಲಿ ಇರಲಿಲ್ಲ.

ಕಾಕಾರ ಹತ್ತಿರ ಒಂದು ನೋಟ್‌ಬುಕ್ ಇದೆ. ನೀಲಿ ಶಾಯಿ, ಭೀಮಾ ಪೂರದಲ್ಲಿ ಒಮ್ಮೆ ನೆನೆದು ಅರ್ಧ ಅಳಿಸಿದೆ. ಮೇಲೆ 'ಸಂಘದ ಹಾಡುಗಳು' ಅಂತ ಇದೆ, ಒಂದು ಹಾಡಿನ ಕೆಳಗೂ ಕವಿಯ ಹೆಸರಿಲ್ಲ. ಬದಲಿಗೆ ಯಾವ ಊರಲ್ಲಿ, ಯಾರ ಬಾಯಿಂದ ಕಲಿತದ್ದು ಅಂತ ಬರೆದುಕೊಂಡಿದ್ದಾರೆ. ಅದನ್ನು ನಾನೀಗ ಹೊಸ ಪುಸ್ತಕಕ್ಕೆ ನಕಲು ಮಾಡುತ್ತಿದ್ದೇನೆ. ನಿಮ್ಮ ಓಣಿಯಲ್ಲೂ ಇಂಥ ನೋಟ್‌ಬುಕ್ ಇದ್ದರೆ, ಮೇಷ್ಟ್ರುಗಳೇ, ಹುಡುಗರಿಂದ ನಕಲು ಮಾಡಿಸಿ ಕಳಿಸಿ. ಮೊದಲು ಹಲಗಿ ಬಡಿದವರು ಯಾರು, ಧಾಟಿ ಎಲ್ಲಿಂದ ಬಂತು, ಶಬ್ದ ಏನು ಬದಲಾಯಿತು, ಅದೂ ಇರಲಿ.