ಹುಟ್ಟು ಹಾಕಲೆಂದೇ ಹುಟ್ಟುಹಾಕಿದ ಕ್ಲಬ್ಬು

ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಲಂಡನ್ನಿನಲ್ಲಿದ್ದಾಗ ಭಾನುವಾರ ಕಳೆಯುವುದೇ ನನಗೆ ದೊಡ್ಡ ಸಮಸ್ಯೆಯಾಗಿತ್ತು. ರೂಮಿನಲ್ಲಿ ಅನ್ನ-ಸಾರು ಮಾಡಿಕೊಂಡು ಉಂಡು, ಥೇಮ್ಸ್ ದಂಡೆಯ ಮೇಲೆ ಸುಮ್ಮನೆ ನಡೆದುಕೊಂಡು ಹೋಗುತ್ತಿದ್ದೆ. ಹ್ಯಾಮರ್‌ಸ್ಮಿತ್ ಸೇತುವೆಯಿಂದ ಸ್ವಲ್ಪ ದೂರದಲ್ಲಿ ಫರ್ನಿವಾಲ್ ಗಾರ್ಡನ್ಸ್ ಅಂತ ಒಂದು ಪಾರ್ಕಿದೆ. ಅಲ್ಲೇ ಹತ್ತಿರ ಅದೇ ಹೆಸರಿನ ದೋಣಿ ಕ್ಲಬ್ಬೂ ಇದೆ. ಯಾರೋ ದಂಡನಾಯಕನೋ, ಗವರ್ನರೋ ಇರಬೇಕು ಅಂದುಕೊಂಡಿದ್ದೆ. ಹುಡುಕಿ ನೋಡಿದರೆ ಆತ ನಿಘಂಟಿನ ಮನುಷ್ಯ!

ಫ್ರೆಡರಿಕ್ ಜೇಮ್ಸ್ ಫರ್ನಿವಾಲ್ ಹುಟ್ಟಿದ್ದು 1825ರಲ್ಲಿ. ಆಕ್ಸ್‌ಫರ್ಡ್ ನಿಘಂಟು ಅಂತ ನಾವು ಕರೆಯುವ ಮಹಾಗ್ರಂಥಕ್ಕೆ 1861ರಿಂದ ಸಂಪಾದಕನಾಗಿದ್ದವನು. ಉತ್ಸಾಹ ವಿಪರೀತ, ಅಚ್ಚುಕಟ್ಟು ಮಾತ್ರ ಸೊನ್ನೆ. 1879ರಲ್ಲಿ ಜೇಮ್ಸ್ ಮರ್ರೆ ಕೆಲಸ ವಹಿಸಿಕೊಂಡಾಗ, ಪದಗಳ ಚೀಟಿ ತುಂಬಿದ್ದ ಒಂದು ಚೀಲದಲ್ಲಿ ಸತ್ತ ಇಲಿ, ಇನ್ನೊಂದರಲ್ಲಿ ಇಲಿಯ ಸಂಸಾರವೇ ಸಿಕ್ಕಿತ್ತಂತೆ :) ಈ ಮನುಷ್ಯನಿಗೆ ಪುಸ್ತಕ ಬಿಟ್ಟರೆ ಇದ್ದ ಇನ್ನೊಂದು ಹುಚ್ಚು ದೋಣಿ. ಕೇಂಬ್ರಿಜ್‌ನಲ್ಲಿ ಓದುವಾಗ ಹಿಡಿದದ್ದು, ಸಾಯುವ ತನಕ ಬಿಡಲಿಲ್ಲ.

ಅದೇ 1879ರಲ್ಲಿ ದೋಣಿಯ ಲೋಕದಲ್ಲೂ ಒಂದು ಘಟನೆ ನಡೆಯಿತು. ಇಂಗ್ಲೆಂಡಿನ ಅತಿ ಪ್ರತಿಷ್ಠಿತ ದೋಣಿ ಪಂದ್ಯ ಹೆನ್ಲಿ ರೆಗಾಟಾದವರು ‘ಅಮೆಚೂರ್’ ಅಂದರೆ ಯಾರು ಅಂತ ಬರೆದಿಟ್ಟರು. ದುಡ್ಡಿಗಾಗಿ ಪಂದ್ಯ ಆಡುವವನು ಅಮೆಚೂರ್ ಅಲ್ಲ, ಸರಿ. ಆದರೆ ಕೂಲಿ ಪಡೆಯುವ ಮೆಕ್ಯಾನಿಕ್, ಕುಶಲಕರ್ಮಿ, ಕಾರ್ಮಿಕ ಕೂಡ ಅಮೆಚೂರ್ ಅಲ್ಲ! ಮೈಬಗ್ಗಿಸಿ ದುಡಿಯುವವನಿಗೆ ತೋಳಿನಲ್ಲಿ ಬಲ ಜಾಸ್ತಿ, ಅದು ಅನ್ಯಾಯ ಅನ್ನುವುದು ವಾದ. 1882ರಲ್ಲಿ ಹುಟ್ಟಿದ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ಕೂಡ ಇದೇ ದಾರಿ ಹಿಡಿಯಿತು.

ಫರ್ನಿವಾಲ್ ಸಿಟ್ಟಾಗಲು ಕಾರಣವಿತ್ತು. 1854ರಲ್ಲಿ ಶುರುವಾದ ವರ್ಕಿಂಗ್ ಮೆನ್ಸ್ ಕಾಲೇಜಿನಲ್ಲಿ ಆತ ಕಾರ್ಮಿಕರಿಗೆ ಪಾಠ ಹೇಳುತ್ತಿದ್ದ, ಅವರ ಜೊತೆಯೇ ದೋಣಿ ನಡೆಸುತ್ತಿದ್ದ. ಅವರಿಗೇ ಬಾಗಿಲು ಮುಚ್ಚಿದರೆ? 1890ರಲ್ಲಿ ಆತ ಮತ್ತು ಗೆಳೆಯರು ಸೇರಿ ಕಾರ್ಮಿಕರಿಗೂ ಜಾಗವಿರುವ ನ್ಯಾಷನಲ್ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ಕಟ್ಟಿದರು.

ಇನ್ನೂ ಒಂದು ಬಾಗಿಲು ಉಳಿದಿತ್ತು. ಬ್ರಿಟಿಷ್ ಮ್ಯೂಸಿಯಂ ಹತ್ತಿರದ ನ್ಯೂ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿದ್ದ ಎಬಿಸಿ ಟೀ ಅಂಗಡಿ ಈತನ ಕಾಯಂ ಅಡ್ಡಾ. ಅಲ್ಲಿ ಟೀ ತಂದುಕೊಡುವ ಹುಡುಗಿಯರು ದಿನವಿಡೀ ನಿಂತೇ ಕೆಲಸ ಮಾಡುವವರು. ಭಾನುವಾರದ ರಜೆಗೆ ಅವರಿಗೆ ನದಿಯ ಗಾಳಿ ಬೇಡವೇ? 1896ರಲ್ಲಿ, ತನ್ನ 71ನೇ ವಯಸ್ಸಿನಲ್ಲಿ, ಫರ್ನಿವಾಲ್ ‘ಹ್ಯಾಮರ್‌ಸ್ಮಿತ್ ಸ್ಕಲ್ಲಿಂಗ್ ಕ್ಲಬ್ ಫಾರ್ ಗರ್ಲ್ಸ್’ ಹುಟ್ಟುಹಾಕಿದ. ಸ್ಕಲ್ಲಿಂಗ್ ಅಂದರೆ ಒಬ್ಬೊಬ್ಬರೂ ಎರಡು ಕೈಯಲ್ಲಿ ಎರಡು ಹುಟ್ಟು ಹಿಡಿದು ದೋಣಿ ನಡೆಸುವುದು.

ಭಾನುವಾರ ಬಂದರೆ ಹ್ಯಾಮರ್‌ಸ್ಮಿತ್‌ನಿಂದ ರಿಚ್ಮಂಡ್‌ಗೆ ಹೋಗಿ ವಾಪಸ್, ಒಟ್ಟು 14 ಮೈಲಿ. ಅಲ್ಲಿ ಥೇಮ್ಸ್ ಸಮುದ್ರದ ಉಬ್ಬರ-ಇಳಿತಕ್ಕೆ ಸಿಕ್ಕುವ ನದಿ. ಉಬ್ಬರ ನೋಡಿಕೊಂಡು ಹೊರಟರೆ ನೀರೇ ಮೇಲಕ್ಕೆ ಒಯ್ಯುತ್ತದೆ, ಇಳಿತ ಮನೆಗೆ ತಂದುಬಿಡುತ್ತದೆ. ದಡದಲ್ಲಿ ಬುತ್ತಿ ಬಿಚ್ಚಿ ಊಟ, ಹರಟೆ. ಕ್ಲಬ್ಬಿನಲ್ಲಿ ಟೀ, ಡ್ಯಾನ್ಸು. ಪಂಡಿತರೂ ಅಂಗಡಿ ಹುಡುಗಿಯರೂ ಅಲ್ಲಿ ಒಂದೇ ದೋಣಿಯ ಜನ. ಹೆಂಗಸರೆಂದು ಗಂಡಸರು ಹೊರಗಿಡುತ್ತಿದ್ದ ಕಾಲದಲ್ಲಿ ಇಲ್ಲಿ ಎಲ್ಲ ಉಲ್ಟಾ. ಗಂಡಸರಿಗೆ ಸದಸ್ಯತ್ವ ಸಿಕ್ಕಿದ್ದೇ 1901ರಲ್ಲಿ! ಎಂಬತ್ತು ದಾಟಿದರೂ ಮುದುಕ ಹುಟ್ಟು ಹಾಕುತ್ತಲೇ ಇದ್ದ. 1910ರಲ್ಲಿ ತೀರಿಕೊಂಡ.

ಹೆನ್ಲಿಯ ಬಾಗಿಲು ಮಾತ್ರ ಅಷ್ಟು ಸುಲಭವಾಗಿ ತೆರೆಯಲಿಲ್ಲ. 1920ರಲ್ಲಿ ಅಮೆರಿಕದ ಜ್ಯಾಕ್ ಕೆಲ್ಲಿಯನ್ನು ಸೇರಿಸಲಿಲ್ಲ. ಅವನ ಕ್ಲಬ್ಬಿನ ಮೇಲೆ ಹಳೆಯ ತಕರಾರಿತ್ತು ನಿಜ, ಆದರೆ ಆತ ಇಟ್ಟಿಗೆ ಕೆಲಸದವನು ಅನ್ನುವುದೂ ಕಾರಣ. ಅದೇ ವರ್ಷ ಆತ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಆಸ್ಟ್ರೇಲಿಯಾದ ತಂಡಕ್ಕೂ ಹೆನ್ಲಿಯಲ್ಲಿ ಪ್ರವೇಶವಿಲ್ಲ, ಯಾಕೆಂದರೆ ಅವರು ಪೊಲೀಸರು! ಕೊನೆಗೆ 1937ರಲ್ಲಿ ಆ ನಿಯಮ ಹೋಯಿತು. 1947ರಲ್ಲಿ ಅದೇ ಕೆಲ್ಲಿಯ ಮಗ ಹೆನ್ಲಿಗೆ ಬಂದು ಡೈಮಂಡ್ ಸ್ಕಲ್ಸ್ ಗೆದ್ದುಕೊಂಡು ಹೋದ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ‘ಹವ್ಯಾಸಿ’ ಅನ್ನುವ ಪದ. ಅಪ್ಪ ಪೀಣ್ಯದ ವರ್ಕ್‌ಶಾಪೊಂದರಲ್ಲಿ ಲೇತ್ ನಡೆಸುತ್ತಿದ್ದರು. ಸಂಜೆ ಕೈಗಂಟಿದ ಗ್ರೀಸ್ ತೊಳೆದುಕೊಂಡು ನಾಟಕದ ತಾಲೀಮಿಗೆ ಹೋಗುತ್ತಿದ್ದರು. ಹಗಲು ಹೊಟ್ಟೆಪಾಡಿಗೆ ದುಡಿದು ಸಂಜೆ ಪ್ರೀತಿಗಾಗಿ ಏನಾದರೂ ಮಾಡುವವನೇ ನಮ್ಮಲ್ಲಿ ಹವ್ಯಾಸಿ. ಹೆನ್ಲಿಯವರ ಲೆಕ್ಕದಲ್ಲಿ ಹಗಲಿನ ದುಡಿಮೆಯೇ ಅವನನ್ನು ಹೊರಗಟ್ಟುತ್ತಿತ್ತು. ಫರ್ನಿವಾಲ್ ಬಿಟ್ಟುಕೊಟ್ಟ ನಿಘಂಟಿನ ಮೊದಲ ಸಂಚಿಕೆ 1884ರಲ್ಲಿ ಹೊರಬಂತು, ‘ಎ’ಯಿಂದ ‘ಆಂಟ್’ ತನಕ. ‘ಅಮೆಚೂರ್’ ಪದ ಅದರೊಳಗೇ ಬರುತ್ತದೆ. ಮುದುಕ ಆ ಪುಟ ತೆರೆದಾಗ ಏನಂದುಕೊಂಡನೋ!

ಹಗಲು ಕೋಡ್ ಬರೆದು ರಾತ್ರಿ ಕನ್ನಡ ಕುಟ್ಟುವ ನಾವೆಲ್ಲ ಯಾವ ಬಗೆಯ ಹವ್ಯಾಸಿಗಳು? ನೀವೇ ಹೇಳಿ. ನನಗಂತೂ ಆ ಟೀ ಅಂಗಡಿ ಹುಡುಗಿಯರ ದೋಣಿಯಲ್ಲಿ ಜಾಗ ಸಿಕ್ಕರೆ ಸಾಕು.