ದಖ್ಖನಿ ಸೂಫಿ ಪ್ರವಚನಗಳು ಮತ್ತು ಹಾಡುಗಳು

ಇಸ್ಲಾಮಿನ ಅನುಭಾವವನ್ನು ಗುರುವಿನ ಮಾತಿನಿಂದಲೂ ಹಾಡಿನಿಂದಲೂ ಕಲಿಸಿದ, ಕಲಬುರಗಿ ಮತ್ತು ವಿಜಯಪುರಗಳನ್ನು ಕೇಂದ್ರವಾಗಿ ಉಳ್ಳ ಪರಂಪರೆ. ಇದರ ಮುಖ್ಯ ಭಾಷೆ ದಖ್ಖನಿ, ಅಂದರೆ ಉತ್ತರದಿಂದ ಬಂದು ದಖ್ಖನಿನಲ್ಲಿ ಬೆಳೆದ, ಪಾರ್ಸಿ ಲಿಪಿಯಲ್ಲಿ ಬರೆಯುವ ಉರ್ದುವಿನ ಹಳೆಯ ರೂಪ.

ಪರಂಪರೆಯ ಆರಂಭವನ್ನು ಸಾಮಾನ್ಯವಾಗಿ ಚಿಶ್ತಿ ಸೂಫಿ ಪಂಥದ ಖ್ವಾಜಾ ಬಂದೇನವಾಜ್ ಗೇಸೂದರಾಜ್ (1321–1422) ಅವರಿಂದ ಗುರುತಿಸಲಾಗುತ್ತದೆ. ತೈಮೂರನ ದಾಳಿಯ ಕಾಲದಲ್ಲಿ, 1398ರಲ್ಲಿ, ದೆಹಲಿಯನ್ನು ಬಿಟ್ಟ ಅವರು ಬಹಮನಿ ಸುಲ್ತಾನ ಫಿರೋಜ್ ಷಾನ ಆಳ್ವಿಕೆಯಲ್ಲಿ ಕಲಬುರಗಿಯಲ್ಲಿ ನೆಲೆಸಿದರು. ಶಿಷ್ಯರ ನಡುವೆ ಅವರು ಆಡಿದ ಮಾತುಗಳನ್ನು ಅವರ ಮಗ ಅಕ್ಬರ್ ಹುಸೇನಿ ‘ಜವಾಮಿ ಉಲ್ ಕಲಿಮ್’ ಎಂಬ ಹೆಸರಿನಲ್ಲಿ ಪಾರ್ಸಿಯಲ್ಲಿ ಸಂಗ್ರಹಿಸಿದನು. ಗುರುವಿನ ಮಾತುಗಳ ಇಂತಹ ದಾಖಲೆಗೆ ‘ಮಲ್ಫೂಜಾತ್’ ಎನ್ನುತ್ತಾರೆ.

ಗೇಸೂದರಾಜರು ದಖ್ಖನಿಯಲ್ಲಿ ಬರೆದರೇ ಎಂಬುದು ವಿವಾದದ ವಿಷಯ. 1924ರಲ್ಲಿ ಉರ್ದು ವಿದ್ವಾಂಸ ಮೌಲ್ವಿ ಅಬ್ದುಲ್ ಹಕ್ ಪ್ರಕಟಿಸಿದ ‘ಮಿರಾಜುಲ್ ಆಶಿಕೀನ್’ ಎಂಬ ಗದ್ಯಕೃತಿಯನ್ನು ಗೇಸೂದರಾಜರದೆಂದು ನಂಬಿ ಉರ್ದುವಿನ ಮೊದಲ ಗದ್ಯವೆಂದು ದೀರ್ಘಕಾಲ ಬೋಧಿಸಲಾಯಿತು. 1960ರ ದಶಕದಲ್ಲಿ ಸಂಶೋಧಕ ಹಫೀಜ್ ಕತೀಲ್ ಅದು ಬಹಳ ಈಚಿನ ಮಖ್ದೂಮ್ ಷಾ ಹುಸೇನಿಯ ಕೃತಿಯೆಂದು ತೋರಿಸಿದ ಬಳಿಕ ಆ ನಂಬಿಕೆ ಬಲ ಕಳೆದುಕೊಂಡಿತು. ಗೇಸೂದರಾಜರ ಹೆಸರಿನಲ್ಲಿರುವ ಹಾಡುಗಳ ಕರ್ತೃತ್ವವನ್ನೂ ಇದೇ ಎಚ್ಚರಿಕೆಯಿಂದ ನೋಡಬೇಕಾಗುತ್ತದೆ.

ವಿಜಯಪುರದಲ್ಲಿ ಷಾ ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ (ಮ. 1675) ತತ್ತ್ವವನ್ನು ಜನರ ಮಾತಿನಲ್ಲಿಯೇ ಬರೆದರು. ಮೀರಾಂಜಿಯ ‘ಖುಷ್‌ನಾಮಾ’ದ ಕೇಂದ್ರದಲ್ಲಿ ಸತ್ಯವನ್ನು ಅರಸುವ ಒಬ್ಬ ಹುಡುಗಿ ಇದ್ದಾಳೆ. ಜಾನಮ್‌ನ ‘ಇರ್ಷಾದ್‌ನಾಮಾ’ (1582) ಗುರುಶಿಷ್ಯರ ಪ್ರಶ್ನೋತ್ತರವಾಗಿದ್ದು, ಪ್ರವಚನದ ಕ್ರಮವನ್ನೇ ಪದ್ಯಕ್ಕೆ ತಂದಿದೆ.

ಪರಂಪರೆಯ ನಿಜವಾದ ತಿರುವು ಮುಖ್ಯವಾಗಿ 17 ಮತ್ತು 18ನೆಯ ಶತಮಾನಗಳ ಮನೆಗೆಲಸದ ಹಾಡುಗಳಲ್ಲಿದೆ. ಬೀಸುವಾಗ ಹಾಡುವ ಚಕ್ಕಿನಾಮಾ, ನೂಲುವಾಗ ಹಾಡುವ ಚರ್ಖಾನಾಮಾ, ತೊಟ್ಟಿಲು ತೂಗುವ ಲೋರಿನಾಮಾ, ಮದುವೆಯ ಶಾದಿನಾಮಾಗಳು ಈ ಗುಂಪಿಗೆ ಸೇರುತ್ತವೆ. ಚಕ್ಕಿನಾಮಾದಲ್ಲಿ ಬೀಸುವ ಕಲ್ಲಿನ ಹಿಡಿಗೂಟವು ಅಲ್ಲಾಹನ ಹೆಸರಿನ ಮೊದಲ ಅಕ್ಷರವಾದ ‘ಅಲಿಫ್’ ಆಗುತ್ತದೆ. ಚರ್ಖಾನಾಮಾದಲ್ಲಿ ರಾಟೆಯ ಸುತ್ತು ‘ಜಿಕ್ರ್’, ಅಂದರೆ ದೇವರ ನಾಮಸ್ಮರಣೆಯ ಲಯವಾಗುತ್ತದೆ. ಓದುಬರಹವಾಗಲಿ ಖಾನ್‌ಖಾಹಿನ, ಎಂದರೆ ಸೂಫಿ ಮಠದ, ಪಾಠವಾಗಲಿ ಸಿಗದ ಹೆಣ್ಣುಮಕ್ಕಳಿಗೆ ದಿನನಿತ್ಯದ ಕೆಲಸವೇ ಹೀಗೆ ಜೀವನಪರ್ಯಂತದ ಕಲಿಕೆಯಾಯಿತು. ಇವುಗಳ ಧಾಟಿಗೆ ಕನ್ನಡ, ಮರಾಠಿಗಳ ಬೀಸುವ ಪದಗಳೊಂದಿಗೆ ಹತ್ತಿರದ ನಂಟಿದೆ.

ಇತಿಹಾಸಕಾರ ರಿಚರ್ಡ್ ಈಟನ್ 1974ರ ಲೇಖನದಲ್ಲಿ, ಇಸ್ಲಾಂ ದಖ್ಖನಿನ ಮನೆಮನೆಗೆ ಹರಡಿದ್ದರ ಹಿಂದೆ ಉಪದೇಶಕರ ಯೋಜಿತ ಮತಪ್ರಚಾರಕ್ಕಿಂತ ತಾಯಂದಿರು ಮಕ್ಕಳ ಕಿವಿಗೆ ಹಾಕಿದ ಈ ಹಾಡುಗಳಿವೆ ಎಂದು ವಾದಿಸಿದರು. ಸೂಫಿಗಳೆಲ್ಲರನ್ನೂ ಮತಪ್ರಚಾರಕರೆಂದು ಕಾಣುತ್ತಿದ್ದ ಹಳೆಯ ವಿವರಣೆಗೆ ಈ ವಾದವು ಗಂಭೀರ ಸವಾಲಾಯಿತು.

ಕನ್ನಡದಲ್ಲಿ ಈ ಧಾರೆಗೆ ಸಮೀಪವಾದವು ಶಿಶುನಾಳ ಶರೀಫರ (1819–1889) ತತ್ವಪದಗಳು ಮತ್ತು ಕರ್ಬಲಾ ಯುದ್ಧದ ಕಥೆಯನ್ನು ಹೇಳುವ ಉತ್ತರ ಕರ್ನಾಟಕದ ಮೊಹರಂ ರಿವಾಯತ್ ಪದಗಳು. ಈ ಧಾರೆಯ ಅಧ್ಯಯನದಲ್ಲಿ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಮುಖ್ಯ ಗ್ರಂಥ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕೆಲಸದೊಂದಿಗೆ ಚಕ್ಕಿನಾಮಾದ ಬಳಕೆಯೂ ಕುಗ್ಗಿತು. ಬಂದೇನವಾಜರ ದರ್ಗಾದ ಉರುಸ್‌ನಲ್ಲಿ, ಅಂದರೆ ಸಂತರ ಪುಣ್ಯತಿಥಿಯ ಉತ್ಸವದಲ್ಲಿ, ಭಕ್ತಿಗಾಯನ ಇಂದಿಗೂ ಮುಂದುವರಿದಿದೆ.